ಹಂಪಿಯಲ್ಲಿ ರಾಯರ ಅರಮನೆ ಎಲ್ಲಿ? ಅಡಿಪಾಯ, ಕುಳಿ, ಗಾರೆ ನೋಡಿ ಓದುವ ಬಗೆ

ಕೋಟೆದಾರಿ

ಎಲ್ಲರಿಗೂ ನಮಸ್ಕಾರ. ಹಂಪಿಗೆ ಹೋದವರೆಲ್ಲ ಕೇಳುವ ಪ್ರಶ್ನೆಯನ್ನೇ ಇಲ್ಲಿ ಇಡುತ್ತಿದ್ದೇನೆ, ತಿಳಿದವರು ಬಿಡಿಸಿ ಹೇಳಬೇಕು. ವಿರೂಪಾಕ್ಷ, ವಿಠ್ಠಲ, ಹಜಾರರಾಮ ದೇಗುಲಗಳು ನಿಂತಿವೆ. ಇನ್ನೂರು ವರ್ಷಕ್ಕೂ ಮೇಲೆ ಆಳಿದ ವಿಜಯನಗರದ ಅರಸರ ಮನೆ ಮಾತ್ರ ಕಾಣುವುದಿಲ್ಲ. ‘1565ರಲ್ಲಿ ಸುಟ್ಟುಹೋಯಿತು’ ಎಂಬ ಒಂದು ಸಾಲು ಸಾಲದು. ಬೆಂಕಿಯೇ ಕಾರಣವಾದರೆ ಅಲ್ಲೇ ಪಕ್ಕದಲ್ಲಿರುವ ಕಮಲ ಮಹಲ್, ಆನೆಲಾಯ ಹೇಗೆ ಉಳಿದವು?

ನನಗೆ ಬೇಕಾದದ್ದು ಮೂರು ವಿಷಯ. ಅರಮನೆಯನ್ನು ಯಾವುದರಿಂದ ಕಟ್ಟಿದ್ದರು? ರಾಜರು ನಿಜವಾಗಿ ವಾಸವಿದ್ದದ್ದು ಎಲ್ಲಿ? ಕಮಾನು, ಗುಮ್ಮಟ ಇರುವ ಕಟ್ಟಡಗಳು ಯಾರ ಕಾಲದವು? ನೆಲದ ಮೇಲೆ ಏನು ನೋಡಿ ಇವನ್ನು ಹೇಳುತ್ತೀರಿ ಎಂಬುದೂ ಬರಲಿ.

ಬಳಪದಕಲ್ಲು

ಮೊದಲನೆಯದಕ್ಕೆ ಉತ್ತರ ನೆಲದಲ್ಲೇ ಇದೆ. ವಿಜಯನಗರದ ಅರಮನೆ ಎಂದರೆ ಕಲ್ಲಿನ ಅಧಿಷ್ಠಾನ (ಕಟ್ಟಡ ಕೂರುವ ಎತ್ತರದ ಪೀಠ), ಅದರ ಮೇಲೆ ಮರದ ಕಂಬ, ಮರದ ತೊಲೆ, ನಡುನಡುವೆ ಇಟ್ಟಿಗೆ ಮತ್ತು ಕಾಡುಕಲ್ಲಿನ ಗೋಡೆ, ಅದಕ್ಕೆ ಗಾರೆ. ಪೂರ್ತಿ ಕಲ್ಲಿನಲ್ಲಿ ಕಟ್ಟುವುದು ದೇವರ ಮನೆಗೆ, ಮರದಲ್ಲಿ ಕಟ್ಟುವುದು ಮನುಷ್ಯರ ಮನೆಗೆ. ಆ ಮನುಷ್ಯ ಚಕ್ರವರ್ತಿಯಾದರೂ ಪದ್ಧತಿ ಬದಲಾಗಲಿಲ್ಲ. ಹೀಗಾಗಿ ಇಂದು ನಾವು ನೋಡುವುದು ಅರಮನೆಯ ಕೆಳಗಿನ ಒಂದೆರಡು ಮೀಟರು ಮಾತ್ರ. ಮೇಲಿನದೆಲ್ಲ ಹೋಗಿದೆ.

ಇದಕ್ಕೆ ಒಳ್ಳೆಯ ಪಾಠ ರಾಜಾವರಣದ (ಎತ್ತರದ ಗೋಡೆ ಸುತ್ತಿದ ದರ್ಬಾರಿನ ಆವರಣ) ಸಭಾಂಗಣ, ಎಲ್ಲರೂ ‘ನೂರು ಕಂಬದ ಸಾಲು’ ಎನ್ನುವ ಜಾಗ. ಹತ್ತು ಸಾಲು, ಸಾಲಿಗೆ ಹತ್ತು. ಅಲ್ಲಿ ಈಗ ಒಂದು ಕಂಬವೂ ನಿಂತಿಲ್ಲ. ಕಂಬ ಕೂರಿಸಿದ ಕಲ್ಲುಗಳೂ ಅವುಗಳ ನೆತ್ತಿಯ ಕುಳಿಗಳೂ ಉಳಿದಿವೆ. ಒಂದು ಬದಿಯ ಮೆಟ್ಟಿಲ ಸಾಲು ಮೇಲೇರಿ ಬಯಲಲ್ಲಿ ನಿಲ್ಲುತ್ತದೆ. ಆ ಮೆಟ್ಟಿಲು ತಲುಪುತ್ತಿದ್ದ ಮೇಲಂತಸ್ತು ಮರದ್ದು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿಯ ದಿವಾನಖಾನೆಯನ್ನು ಕಂಡು ತನ್ನ ನಾಡಿನ ನಲವತ್ತು ಕಂಬದ ಸಭಾಭವನಕ್ಕೆ ಹೋಲಿಸಿದ. ಈ ಸಭಾಂಗಣವನ್ನೇ ಆ ದಿವಾನಖಾನೆಯೊಂದಿಗೆ ಗುರುತಿಸುವವರಿದ್ದಾರೆ.

ಇನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಅರಮನೆಯ ಒಳಗೆ ಸ್ವಲ್ಪ ದೂರ ಹೋಗಲು ಅವಕಾಶ ಸಿಕ್ಕವನು. ಮೇಲಿನಿಂದ ಕೆಳಗಿನವರೆಗೆ ದಂತ ಹೊದಿಸಿದ ಒಂದು ಕೋಣೆಯನ್ನು ವರ್ಣಿಸುತ್ತಾನೆ. ತೊಲೆ ಕೂಡುವ ಕಡೆ ಕಂಬದ ತಲೆಯಲ್ಲಿ ಗುಲಾಬಿ, ತಾವರೆ, ಅವೂ ದಂತದವು. ದಂತದ ಹೊದಿಕೆ ಕೂಡುವುದು ಮರದ ಮೇಲೆ. ಕಣಶಿಲೆಯ (ಗ್ರಾನೈಟ್) ಗೋಡೆಗೆ ಯಾರೂ ಹಾಗೆ ದಂತ ಜಡಿಯುವುದಿಲ್ಲ.

ಕೋಟೆದಾರಿ

ಬಳಪದಕಲ್ಲು ಅವರೇ, ಹಂಪಿಯಲ್ಲಿ ಎಲ್ಲಿ ನೋಡಿದರೂ ಕುಳಿಗಳೇ. ಯಾವುದು ಕಂಬದ್ದು, ಯಾವುದು ಬೇರೆಯದು ಎಂದು ಹೇಗೆ ಬೇರೆ ಮಾಡುವುದು?

ಉಳಿಸುತ್ತಿಗೆ

ಇದಕ್ಕೆ ನಾನು ಹೇಳುತ್ತೇನೆ. ಬಹಳ ಜನ ಇಲ್ಲೇ ಎಡವುತ್ತಾರೆ.

ಬಂಡೆಯ ಅಂಚಿನಲ್ಲಿ, ಒಂದೇ ಗೆರೆಯಲ್ಲಿ, ಗೇಣಿಗೂ ಕಡಿಮೆ ಅಂತರದಲ್ಲಿ ಚಿಕ್ಕ ಆಯತದ ಕುಳಿಗಳ ಸಾಲು ಕಂಡರೆ ಅದು ಬೆಣೆಕುಳಿ. ಕಲ್ಲು ಸೀಳಲು ಮಾಡಿದ್ದು. ಕಬ್ಬಿಣದ ಬೆಣೆಗಳನ್ನು ಕೂರಿಸಿ ಈ ತುದಿಯಿಂದ ಆ ತುದಿಗೆ ಸರದಿಯಲ್ಲಿ ಸುತ್ತಿಗೆಯಿಂದ ಹೊಡೆಯುತ್ತ ಬರುತ್ತಾರೆ. ಒಂದೇ ಬೆಣೆಗೆ ಜೋರಾಗಿ ಹೊಡೆದರೆ ಬಿರುಕು ಗೆರೆ ಬಿಟ್ಟು ಅಡ್ಡ ಹೋಗುತ್ತದೆ. ಎಲ್ಲಕ್ಕೂ ಸಮನಾಗಿ ಬಿಗಿ ಬಂದಾಗ ಬಂಡೆ ನೇರವಾಗಿ ಬಿಡುತ್ತದೆ. ಒಣಮರದ ಬೆಣೆಗೆ ನೀರು ಹನಿಸಿ ಸೀಳುತ್ತಿದ್ದರು ಎಂಬ ಮಾತೂ ಚಾಲ್ತಿಯಲ್ಲಿದೆ, ಆದರೆ ನಮ್ಮ ಕಲ್ಲುಕುಟಿಗರು ಕಣಶಿಲೆಗೆ ಬಳಸಿಕೊಂಡು ಬಂದದ್ದು ಕಬ್ಬಿಣದ ಬೆಣೆಯನ್ನೇ. ಸೀಳಿದ ಕಲ್ಲಿನ ಅಂಚಿನಲ್ಲಿ ಅರ್ಧರ್ಧ ಕುಳಿ ಉಳಿಯುತ್ತದೆ, ಹಲ್ಲಿನ ಸಾಲಿನಂತೆ. ಕೋಟೆಗೋಡೆಯ ಕಲ್ಲುಗಳಲ್ಲಿ ಇದು ಢಾಳಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿ ಮುಖ ನಯಗೊಳಿಸುವ ಗೋಜಿಗೆ ಹೋಗಿಲ್ಲ.

ಕಂಬದ ಕುಳಿ ಬೇರೆ. ಅದು ಬಿಡಿಗಲ್ಲಿನ ನೆತ್ತಿಯ ನಡುವೆ ಇರುತ್ತದೆ, ಆಳ ಕಡಿಮೆ, ತಳ ಸಮ. ಮರದ ಕಂಬದ ಬುಡದಲ್ಲಿ ಬಿಟ್ಟ ಗೂಟ ಅದರಲ್ಲಿ ಕೂರಬೇಕು, ಅಷ್ಟೇ. ಮುಖ್ಯವಾದ ಗುರುತು ಅಂತರ. ಒಂದು ಕುಳಿಯ ನಡುವಿನಿಂದ ಮುಂದಿನದರ ನಡುವಿಗೆ ಅಳೆದುಕೊಂಡು ಹೋಗಿ. ಎರಡೂ ದಿಕ್ಕಿನಲ್ಲಿ ಅದೇ ಅಳತೆ ಮತ್ತೆ ಮತ್ತೆ ಬಂದರೆ ಅದು ಅಂಕಣ, ಅಂದರೆ ಕಂಬಗಳ ನಡುವಿನ ಮನೆ.

ಮೂರನೆಯದು ಬಾಗಿಲ ತಿರುಗಣಿ ಕುಳಿ. ದುಂಡಗೆ, ಒಳಗೆ ಸವೆದು ನುಣುಪಾಗಿರುತ್ತದೆ. ಹೊಸ್ತಿಲ ಎರಡು ತುದಿಗೆ ಒಂದೊಂದು ಇದ್ದರೆ ಎರಡು ಕದದ ಬಾಗಿಲು. ನಡುವೆ ಇನ್ನೊಂದು ಚಿಕ್ಕ ಕುಳಿ ಇದ್ದರೆ ಅಗಳಿಯದು.

ನಾಲ್ಕನೆಯದು ಚಪ್ಪರದ ಕುಳಿ. ಹಾಸುಗಲ್ಲಿನ ಮೇಲೆ, ಬಂಡೆಯ ಮೇಲೆ, ಅಂಕಣದ ಲೆಕ್ಕಕ್ಕೆ ಸಿಗದೆ ಇರುತ್ತವೆ. ಹಬ್ಬಕ್ಕೆ ಗಳ ನೆಟ್ಟ ಜಾಗಗಳು ಇವು. ರಾಜಾವರಣದಲ್ಲಿ ಇವನ್ನು ಲಘುವಾಗಿ ಎಣಿಸಬಾರದು. ಮಹಾನವಮಿಗೆಂದು ಎಬ್ಬಿಸಿದ ಹಲವು ಅಂತಸ್ತಿನ ಮರದ ಮಂಟಪಗಳನ್ನು ಅಬ್ದುಲ್ ರಜಾಕ್ ಬಾಯ್ತುಂಬ ವರ್ಣಿಸುತ್ತಾನೆ. ಹಬ್ಬ ಮುಗಿದ ಮೇಲೆ ಅವುಗಳ ಕುರುಹು ಉಳಿಯುವುದಾದರೆ ಇಂಥ ಕುಳಿಗಳಲ್ಲೇ.

ಬೋದಿಗೆ

ಉಳಿಸುತ್ತಿಗೆಯವರ ಪಟ್ಟಿಗೆ ಒಂದು ಸೇರಿಸಬೇಕು. ಮಹಾನವಮಿ ದಿಬ್ಬದ (ರಾಜಾವರಣದೊಳಗಿನ ಎತ್ತರದ ಹಬ್ಬದ ಕಟ್ಟೆ) ಆವರಣದಲ್ಲಿ ಬಿದ್ದಿರುವ ಕಲ್ಲಿನ ಬಾಗಿಲ ಕದಗಳನ್ನು ನೋಡಿ. ಒಂದೇ ಕಲ್ಲಿನಲ್ಲಿ ಕಡೆದದ್ದು, ಮೇಲೂ ಕೆಳಗೂ ತಿರುಗಣಿ ಅದೇ ಕಲ್ಲಿನಲ್ಲಿ. ಮುಖದ ಮೇಲೆ ಮರದ ಕದದ ಚೌಕಟ್ಟು, ಪಟ್ಟಿ, ಮೊಳೆಯ ತಲೆಯನ್ನೆಲ್ಲ ಬಿಡದೆ ಕೆತ್ತಿದ್ದಾರೆ. ಅಂದರೆ ಮಾದರಿ ಮರದ್ದು. ಕಳೆದುಹೋದ ಮರಗೆಲಸ ಹೇಗಿತ್ತು ಎನ್ನುವುದಕ್ಕೆ ಕಲ್ಲಿನಲ್ಲಿ ಉಳಿದ ನಕಲು ಇದು. ಉಬ್ಬುಶಿಲ್ಪಗಳಲ್ಲೂ ಹೀಗೆಯೇ. ದಿಬ್ಬದ ಪಟ್ಟಿಕೆಗಳಲ್ಲಿ ರಾಜ ಕುಳಿತಿರುವ ಮಂಟಪದ ಕಂಬ ಎಷ್ಟು ಸಪೂರ ಎಂದು ಗಮನಿಸಿ. ಆ ದಪ್ಪದಲ್ಲಿ ಕಣಶಿಲೆಯ ಕಂಬ ನಿಲ್ಲಿಸುವುದಿಲ್ಲ, ಮರದ ಕಂಬ ನಿಲ್ಲಿಸುತ್ತಾರೆ.

ತೂಬು

ಎರಡನೆಯ ಪ್ರಶ್ನೆ: ರಾಜರು ಎಲ್ಲಿದ್ದರು? ಈಗ ‘ರಾಜಾವರಣ’ ಎಂಬ ಫಲಕ ಇರುವುದು ಸುಮಾರು 59,000 ಚದರ ಮೀಟರಿನ, ಎತ್ತರದ ಗೋಡೆಯ ಆವರಣಕ್ಕೆ. ಮಹಾನವಮಿ ದಿಬ್ಬ, ಸಭಾಂಗಣ, ಮೆಟ್ಟಿಲ ಕೊಳ, ದೊಡ್ಡ ಕೊಳ ಎಲ್ಲ ಅದರೊಳಗೇ. ಆದರೆ ಒಳಗೆ ನಿಂತು ನೋಡಿದರೆ ಅಡುಗೆ, ನಿದ್ದೆ, ಖಾಸಗಿ ಬದುಕಿಗೆ ಬೇಕಾದ ಏರ್ಪಾಡು ಮುಖ್ಯವಾಗಿ ಕಾಣುವುದಿಲ್ಲ. ದರ್ಬಾರು, ಹಬ್ಬ, ಸೈನ್ಯ ತಪಾಸಣೆಯ ಜಾಗವಾಗಿ ಕಾಣುತ್ತದೆ.

ಬಳಪದಕಲ್ಲು

ಹೌದು ತೂಬು ಸರ್. 1980ರಿಂದ ವರ್ಷವರ್ಷ ಸಮೀಕ್ಷೆ ನಡೆಸಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಅವರ ವಾದದ ತಿರುಳೂ ಇದೇ. ಹಜಾರರಾಮ ದೇಗುಲದ ಮೂಲಕ ಉತ್ತರ-ದಕ್ಷಿಣವಾಗಿ ಒಂದು ಗೆರೆ ಎಳೆದರೆ ಅದು ಉತ್ತರದಲ್ಲಿ ಮಾತಂಗ ಪರ್ವತದ ತುದಿಗೆ ಹೋಗಿ ಮುಟ್ಟುತ್ತದೆ. ಗೆರೆಯ ಪೂರ್ವಕ್ಕೆ ಸಾರ್ವಜನಿಕ ಕಟ್ಟಡಗಳು: ದಿಬ್ಬ, ಸಭಾಂಗಣ, ಆನೆಲಾಯ. ಪಶ್ಚಿಮಕ್ಕೆ ವಾಸದ ಅರಮನೆಗಳು. ನಗರದ ದಾರಿಗಳು ಕೂಡುವುದೂ ಹಜಾರರಾಮನ ಮುಂದಿನ ಬಯಲಿನಲ್ಲಿ. ಅಲ್ಲಿಂದ ಈಶಾನ್ಯಕ್ಕೆ ಮಾಲ್ಯವಂತ ಬೆಟ್ಟ ಕಾಣುತ್ತದೆ. ರಾಮಾಯಣದ ಈ ಎರಡು ಗುಡ್ಡಗಳ ನೋಟಕ್ಕೆ ರಾಮನ ಗುಡಿಯನ್ನೂ ಅರಮನೆಯ ನಡುವನ್ನೂ ಹೊಂದಿಸಿದ್ದಾರೆ ಎಂಬ ಅವರ ಮಾತು ನನಗೆ ಒಪ್ಪಿಗೆ.

ಪಶ್ಚಿಮ ಭಾಗದಲ್ಲಿ ಅಗೆದು ತೆಗೆದ ಅರಮನೆಗಳ ಗುಂಪಿಗೆ ‘ಗಣ್ಯರ ವಸತಿ’ ಎಂದು ಹೆಸರಿಟ್ಟಿದ್ದಾರೆ. ಪ್ರವಾಸಿಗರು ಹೋಗುವುದು ಕಡಿಮೆ. ವಿಜಯನಗರದ ಮನೆ ಅಂದರೆ ಏನು ಎಂದು ತಿಳಿಯಬೇಕಾದರೆ ದಿಬ್ಬಕ್ಕಿಂತ ಮೊದಲು ನೋಡಬೇಕಾದ ಜಾಗ ಅದು, ಇದನ್ನು ನಾನು ಒತ್ತಿ ಹೇಳುತ್ತೇನೆ.

ಅಲ್ಲಿನ ಮನೆಗಳ ನಕ್ಷೆ ಮತ್ತೆ ಮತ್ತೆ ಒಂದೇ ಬಗೆಯಲ್ಲಿ ಬರುತ್ತದೆ. ಮುಖ ಉತ್ತರಕ್ಕೆ ಅಥವಾ ಪೂರ್ವಕ್ಕೆ. ಮೊದಲು ತಗ್ಗಿನಲ್ಲಿ ಅಂಗಳ. ಅಂಗಳದ ಮೂರು ಕಡೆ ಸುತ್ತಿಕೊಂಡ ಜಗಲಿ. ಅಲ್ಲಿಂದ ಹಂತಹಂತವಾಗಿ ನೆಲ ಏರುತ್ತ ಹೋಗಿ ಹಿಂಬದಿಯ ಕೋಣೆ ಎಲ್ಲಕ್ಕಿಂತ ಎತ್ತರದಲ್ಲಿ. ಪ್ರತಿ ಹಂತಕ್ಕೂ ಕೆತ್ತಿದ ಅಧಿಷ್ಠಾನ, ಮೆಟ್ಟಿಲಿನ ಎರಡೂ ಬದಿಗೆ ಯಾಳಿ (ಸಿಂಹದಂಥ ಕಲ್ಪಿತ ಪ್ರಾಣಿ) ಅಥವಾ ಆನೆಯ ಕಟಾಂಜನ. ನೆಲಕ್ಕೆ ಗಚ್ಚು, ಅಂದರೆ ಸುಣ್ಣದ ಗಟ್ಟಿ ಲೇಪ. ಯಜಮಾನ ಇರುವುದು ಒಳಗೆ ಮತ್ತು ಮೇಲೆ. ಬಂದವನು ಯಾವ ಹಂತದವರೆಗೆ ಏರಬಹುದು ಎನ್ನುವುದರಲ್ಲೇ ಅವನ ಅಂತಸ್ತು ಗೊತ್ತಾಗುತ್ತದೆ. ಸುತ್ತ ಎತ್ತರದ ಗೋಡೆ, ದ್ವಾರ ನೇರವಾಗಿ ಒಳಕ್ಕೆ ತೆರೆಯದೆ ತಿರುವಿನಲ್ಲಿ. ಇಲ್ಲಿ ಚೀನಾದ ಪಿಂಗಾಣಿ ಚೂರುಗಳೂ ಸಿಕ್ಕಿವೆ.

ಹತ್ತಿರದಲ್ಲೇ ಪ್ರಸನ್ನ ವಿರೂಪಾಕ್ಷ ದೇಗುಲ ಇದೆ, ನೆಲಮಟ್ಟಕ್ಕಿಂತ ಕೆಳಗಿರುವುದರಿಂದ ಜನ ‘ಭೂಗತ ದೇವಾಲಯ’ ಎನ್ನುತ್ತಾರೆ. ಮಳೆಗಾಲದಲ್ಲಿ ಒಳಗೆ ನೀರು ನಿಲ್ಲುತ್ತದೆ.

ಕೋಟೆದಾರಿ

ಹಾಗಾದರೆ ‘ರಾಣಿವಾಸ’ ಅನ್ನುವ ಆವರಣ?

ಬೋದಿಗೆ

ಆ ಹೆಸರನ್ನು ಆಧಾರ ಮಾಡಿಕೊಂಡು ಏನನ್ನೂ ಕಟ್ಟಬೇಡಿ. ಆವರಣದ ಗೋಡೆಗೆ ತಾಗಿಕೊಂಡೇ ಆನೆಲಾಯ, ಅದರ ಮುಂದೆ ಕವಾಯತಿನ ಬಯಲು, ಮೂಲೆಗಳಲ್ಲಿ ಕಾವಲು ಗೋಪುರ. ಇಷ್ಟು ಸೈನಿಕ ಓಡಾಟದ ನಡುವೆ ಅಂತಃಪುರ ಇತ್ತು ಎನ್ನಲು ಗಟ್ಟಿ ಸಾಕ್ಷ್ಯ ಬೇಕು. ಆವರಣದೊಳಗಿನ ಕಮಲ ಮಹಲನ್ನು ಹದಿನೆಂಟನೆಯ ಶತಮಾನದ ಕೊನೆಯ ನಕ್ಷೆಯೊಂದು ಸಮಾಲೋಚನೆಯ ಮಂದಿರ ಎಂದು ಗುರುತಿಸಿದೆ. ಕಟ್ಟಡದ ರಚನೆಯೂ ಅದಕ್ಕೇ ಹೊಂದುತ್ತದೆ: ನೆಲ ಅಂತಸ್ತು ನಾಲ್ಕೂ ಕಡೆ ತೆರೆದಿದೆ, ಮರೆ ಎಂಬುದೇ ಇಲ್ಲ.

ಅದನ್ನು ನೋಡುವ ಕ್ರಮ ಹೇಳುತ್ತೇನೆ. ಕೆಳಗೆ 24 ಚೌಕ ಕಂಬಗಳು, ಅವುಗಳ ನಡುವೆ ಒಂದರೊಳಗೊಂದು ಹಿಂಜರಿಯುವ ಎಸಳು-ಎಸಳಾದ ಕಮಾನುಗಳು. ನಕ್ಷೆ ಚೌಕವಾಗಿ ಶುರುವಾಗಿ ಪ್ರತಿ ಬದಿಯಲ್ಲೂ ಮುಂಚಾಚಿದೆ, ದೇಗುಲದ ತಲವಿನ್ಯಾಸದಲ್ಲಿ ಕಾಣುವ ಮುಂಚಾಚುಗಳಂತೆ. ಎರಡು ಅಂತಸ್ತುಗಳ ನಡುವೆ ಬಾಗಿದ ಕಪೋತ, ಅಂದರೆ ಹೊರಚಾಚಿದ ಸೂರಿನ ಅಂಚು. ಮೇಲೆ ಒಂಬತ್ತು ಶಿಖರಗಳು, ನಡುವಿನದು ಎತ್ತರ, ಮೆಟ್ಟಿಲು ಮೆಟ್ಟಿಲಾಗಿ ಏರುವಂಥವು. ಕಮಾನು ಬಹಮನಿ ನಾಡಿನ ಕಸುಬಿನಿಂದ, ಕಪೋತ ಮತ್ತು ಶಿಖರ ನಮ್ಮ ದೇಗುಲದಿಂದ. ಎರಡನ್ನೂ ಬಲ್ಲ ಕೆಲಸಗಾರರು ಒಟ್ಟಿಗೆ ಕೂತು ಕಟ್ಟಿದರೆ ಮಾತ್ರ ಹೀಗೆ ಬೆಸೆಯುತ್ತದೆ.

ಮೂರನೆಯ ಪ್ರಶ್ನೆಗೂ ಇದೇ ಉತ್ತರ. ಇವು 1565ರ ನಂತರದವಲ್ಲ. ಸೋತ ನಗರದಲ್ಲಿ ಯಾವ ಸುಲ್ತಾನನೂ ಬಂದು ನೆಲೆಸಿ ಇಂಥ ಮಂಟಪ ಕಟ್ಟಿಸಲಿಲ್ಲ. ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಸವಾರರು ಇದ್ದರು. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಇದೆ. ಅದರ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ. ಆ ಕಟ್ಟಡದಲ್ಲಿ ಸಾದಾ ಕಂಬ, ತೊಲೆ, ಚಪ್ಪಟೆ ಮಾಡು. ಮಸೀದಿ ಕಂಬ-ತೊಲೆಯಲ್ಲಿ, ರಾಯರ ಮಂಟಪ ಕಮಾನು-ಗುಮ್ಮಟದಲ್ಲಿ! ಶೈಲಿಗೆ ಧರ್ಮದ ಚೀಟಿ ಅಂಟಿಸುವವರು ಈ ಎರಡನ್ನೂ ಒಂದೇ ದಿನ ನೋಡಬೇಕು.

ಆನೆಲಾಯದ್ದು ಹನ್ನೊಂದು ಅಂಕಣ. ನಡುವಿನದರ ಮೇಲಿನ ಮಂಟಪ ಅರ್ಧ ಹಾಳಾಗಿದೆ. ಅದರ ಎಡಕ್ಕೂ ಬಲಕ್ಕೂ ಐದೈದು ಗುಮ್ಮಟ, ನಡುವಿನಿಂದ ಎರಡೂ ಕಡೆ ಜೋಡಿಜೋಡಿಯಾಗಿ ಹೊಂದುತ್ತವೆ. ಕೆಲವು ನುಣ್ಣಗೆ, ಕೆಲವಕ್ಕೆ ಎಸಳುಗೆರೆ. ಒಳಗೆ ನಿಂತು ಮೇಲೆ ನೋಡಿದರೆ ಚೌಕ ಕೋಣೆಯ ಮೂಲೆಗಳಿಗೆ ಅಡ್ಡ ಕಮಾನು ಹಾಕಿ, ಎಂಟು ಬದಿ ಮಾಡಿ, ಅದರ ಮೇಲೆ ಗುಮ್ಮಟ ಕೂರಿಸುವ ಕ್ರಮ ಸ್ಪಷ್ಟವಾಗಿ ತಿಳಿಯುತ್ತದೆ.

ಗಾರೆಗಾಣ

ಈಗ ‘ಇವು ಉಳಿದವು, ಅರಮನೆ ಉಳಿಯಲಿಲ್ಲ’ ಎಂಬ ತೊಡಕಿಗೆ ಬರೋಣ. ಬೆಂಕಿಗೆ ಸೌದೆ ಬೇಕು. ಕಮಲ ಮಹಲಿನಲ್ಲಿ, ಆನೆಲಾಯದಲ್ಲಿ ಭಾರ ಹೊರುವ ಮರವೇ ಇಲ್ಲ. ಕಲ್ಲು, ಇಟ್ಟಿಗೆ, ಗಾರೆ ಸೇರಿ ಒಂದೇ ಮುದ್ದೆಯಾದ ಕಮಾನುಗಳು ಅವು. ಕಂಬ-ತೊಲೆ-ಜಂತಿ ಎಲ್ಲ ಮರವಾದ ಅರಮನೆಯಲ್ಲಿ ಒಂದು ಕಡೆ ಹತ್ತಿದ ಬೆಂಕಿ ಮಾಡನ್ನೆಲ್ಲ ಕೆಳಕ್ಕೆ ತರುತ್ತದೆ. ಮಾಡಿನ ಮೇಲಿದ್ದ ಇಟ್ಟಿಗೆ-ಗಾರೆಯ ಭಾರ ಬಿದ್ದ ಮೇಲೆ ಗೋಡೆಯೂ ನಿಲ್ಲುವುದಿಲ್ಲ.

ಕಣಶಿಲೆಗೆ ಬೆಂಕಿ ಏನೂ ಮಾಡದು ಎಂಬುದು ತಪ್ಪು ನಂಬಿಕೆ. ಅದರಲ್ಲಿರುವ ಖನಿಜಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಣಚುಕಲ್ಲಿನ ಕಣ ಒಮ್ಮೆಲೇ ಉಬ್ಬುತ್ತದೆ. ಆಗ ಕಲ್ಲಿನ ಮುಖ ಹೊಪ್ಪಳಿಕೆಯಾಗಿ ಏಳುತ್ತದೆ, ಅಡ್ಡತೊಲೆ ನಡುವೆ ಸೀಳುತ್ತದೆ. ಕಂಬ ಭಾರವನ್ನು ಅದುಮಿ ತಡೆಯುತ್ತದೆ, ಅದಕ್ಕೆ ಒಂದಿಷ್ಟು ಚಕ್ಕೆ ಹೋದರೂ ನಿಲ್ಲುತ್ತದೆ. ತೊಲೆ ಬಾಗುವ ಕೆಲಸ ಮಾಡುತ್ತದೆ, ಕಲ್ಲಿಗೆ ಎಳೆತ ತಡೆಯುವ ಶಕ್ತಿ ಮೊದಲೇ ಕಡಿಮೆ, ಬಿರುಕು ಬಿದ್ದರೆ ಮುಗಿಯಿತು.

ನಕಾಶೆ

ಬೆಂಕಿಯೊಂದಕ್ಕೇ ಎಲ್ಲ ಹೊರೆ ಹೊರಿಸುವುದಕ್ಕೆ ನನ್ನ ಆಕ್ಷೇಪ ಇದೆ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ಆಡಳಿತ ಕೈಯಲ್ಲಿದ್ದ ರಾಮರಾಯ ಸತ್ತ, ಅವನ ತಮ್ಮ ತಿರುಮಲ ಬೊಕ್ಕಸದೊಂದಿಗೆ ಪೆನುಕೊಂಡೆಗೆ ಹೋದ, ನಗರ ಲೂಟಿಯಾಯಿತು, ಇವೆಲ್ಲ ಸರಿ. ಆದರೆ 1567ರಲ್ಲಿ ಅಲ್ಲಿಗೆ ಹೋದ ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್, ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ಇನ್ನೂ ನಿಂತಿವೆ, ಆದರೆ ಖಾಲಿ, ಹುಲಿ ಮತ್ತಿತರ ಕಾಡುಪ್ರಾಣಿಗಳು ಸೇರಿಕೊಂಡಿವೆ ಎಂದು ಬರೆದ. ಅಂದರೆ ಕೊಳ್ಳೆಯ ನಂತರವೂ ನಿಂತ ಮನೆಗಳಿದ್ದವು. ಮಾಡಿಗೆ ವರ್ಷವರ್ಷ ಗಾರೆ ಬಳಿಯುವವರಿಲ್ಲದ ಮರದ ಮನೆಯನ್ನು ಮಳೆ ಮತ್ತು ಗೆದ್ದಲು ಮುಗಿಸುತ್ತವೆ. ಆಮೇಲೆ ನಿಧಿ ಹುಡುಕುವವರು ನೆಲ ಅಗೆದರು, ಬೇಕಾದ ಕಲ್ಲನ್ನು ಸುತ್ತಲಿನವರು ಒಯ್ದರು, ತಗ್ಗಿನಲ್ಲಿ ಬೇಸಾಯ ಬಂತು.

ಸವೆತ ಹತ್ತೊಂಬತ್ತನೆಯ ಶತಮಾನದಲ್ಲೂ ನಿಂತಿರಲಿಲ್ಲ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ವಿಠ್ಠಲದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಇಂದು ಇಲ್ಲ.

ಬಳಪದಕಲ್ಲು

ಒಪ್ಪುತ್ತೇನೆ ನಕಾಶೆಯವರೇ. ಆದರೆ ರಾಜಕೇಂದ್ರದ, ಅಂದರೆ ಅರಮನೆಗಳ ವಲಯದ, ಅಗೆತದಲ್ಲಿ ಇದ್ದಿಲು, ಬೂದಿ, ಸುಟ್ಟ ಗಾರೆ ಸಿಕ್ಕಿರುವುದೂ ಅಷ್ಟೇ ನಿಜ. ಮನೆಗಳು ಉಳಿದಿದ್ದವು ಎಂದು ಫ್ರೆಡರಿಕ್ ಹೇಳಿದರೆ ಅರಮನೆಯ ಪ್ರತಿ ಸಭಾಂಗಣವೂ ಉಳಿದಿತ್ತು ಎಂದು ಅರ್ಥವಾಗುವುದಿಲ್ಲ. ಅಧಿಕಾರ ಕಾಣುವ ಕಟ್ಟಡಗಳನ್ನು ಆರಿಸಿ ಸುಟ್ಟಿರಬಹುದು, ಉಳಿದದ್ದು ಪಾಳುಬಿದ್ದು ಹೋಗಿರಬಹುದು. ಒಂದೊಂದು ಅಡಿಪಾಯಕ್ಕೂ ಅದರದೇ ಮಣ್ಣಿನ ಪದರ ನೋಡಿ ತೀರ್ಮಾನಿಸಬೇಕು.

ಕೋಟೆದಾರಿ

ಮಹಾನವಮಿ ದಿಬ್ಬವನ್ನು ಕೃಷ್ಣದೇವರಾಯ ಒಡಿಶಾ ಗೆದ್ದ ನೆನಪಿಗೆ ಕಟ್ಟಿಸಿದ್ದು ಅನ್ನುತ್ತಾರಲ್ಲ?

ಬೋದಿಗೆ

ಆ ಮಾತಿನ ಮೂಲ ಪಾಯೆಸ್. ಒಡಿಶಾ ಯುದ್ಧದಿಂದ ಮರಳಿದಾಗ ಕಟ್ಟಿಸಿದ ‘ವಿಜಯದ ಮನೆ’ ಎಂದು ಅವನು ಹೇಳುತ್ತಾನೆ. ಆದರೆ ದಿಬ್ಬ ಒಂದೇ ಕಾಲದ್ದಲ್ಲ. ಒಂದರ ಮೇಲೊಂದು ಕಿರಿದಾಗುವ ಮೂರು ಹಂತ. ಕೆಳಗಿನವು ಕಣಶಿಲೆಯವು, ಆನೆ, ಕುದುರೆ, ಒಂಟೆ, ಬೇಟೆ, ಕುಸ್ತಿ, ಕೋಲಾಟದ ಪಟ್ಟಿಕೆಗಳು ತುಸು ಒರಟಾಗಿ, ಜೀವ ತುಂಬಿ ಇವೆ. ಇವು ಹಳೆಯವು, ಹದಿನಾಲ್ಕನೆಯ ಶತಮಾನದತ್ತ ಹೋಗುವಂಥವು. ಪಶ್ಚಿಮದಲ್ಲಿ ಇದರ ಮೇಲೆಯೇ ಬಳಪದ ಕಲ್ಲಿನ ಹೊದಿಕೆ ಬಂದಿದೆ. ಪೀಠದ ಪಟ್ಟಿಗಳಾದ ಉಪಾನ, ಜಗತಿ, ಕುಮುದ, ಕಂಠ ಎಲ್ಲ ಚೂಪಾಗಿ, ದೇಗುಲದ ಅಧಿಷ್ಠಾನದಂತೆ. ಆ ಹೊದಿಕೆಯನ್ನು ಹದಿನಾರನೆಯ ಶತಮಾನಕ್ಕೆ ಹಾಕುವುದು ಸರಿ. ಹಳೆಯ ದಿಬ್ಬಕ್ಕೆ ಹೊಸ ಪೋಷಾಕು.

ಕುದುರೆ ಪಟ್ಟಿಕೆಯಲ್ಲಿ ಗಡ್ಡ, ಟೋಪಿ, ಉದ್ದ ಅಂಗಿಯ ಪರದೇಶಿಯರನ್ನು ತಪ್ಪದೆ ನೋಡಿ. ಸೇನೆಗೆ ಬೇಕಾದ ಒಳ್ಳೆಯ ಕುದುರೆ ಸಮುದ್ರದಾಚೆಯಿಂದ ಬರಬೇಕಿತ್ತು, ಅದನ್ನು ತರುವವರೇ ಇಲ್ಲಿ ಕಲ್ಲಿನಲ್ಲಿ ನಿಂತಿದ್ದಾರೆ.

ಉಳಿಸುತ್ತಿಗೆ

ದಿಬ್ಬದ ಒಡಲು ಮಣ್ಣು ಮತ್ತು ಕಾಡುಕಲ್ಲಿನ ತುಂಬು. ಹೊರಗಿನ ಕಲ್ಲು ತಡೆಗೋಡೆಯ ಕೆಲಸ ಮಾಡುತ್ತದೆ. ಇಂಥ ಕಟ್ಟಡಕ್ಕೆ ದೊಡ್ಡ ಶತ್ರು ಮೇಲಿಂದ ಇಳಿಯುವ ಮಳೆನೀರು. ತಲೆಯ ಗಚ್ಚು ಒಡೆದರೆ ನೀರು ಒಡಲಿಗೆ ಇಳಿದು ಮಣ್ಣು ಉಬ್ಬಿ ಹೊರಗಿನ ಕಲ್ಲನ್ನು ದೂಡುತ್ತದೆ. ಗೋಡೆ ನಡುವೆ ಹೊಟ್ಟೆ ಬಂದಂತೆ ಉಬ್ಬಿದರೆ ಅದೇ ಲಕ್ಷಣ. ಆಗ ಸಂದುಗಳಿಗೆ ಸಿಮೆಂಟು ತುಂಬುವುದು ಅತ್ಯಂತ ಕೆಟ್ಟ ಮದ್ದು: ಗಾರೆಯಿಲ್ಲದ ಸಂದಿನಿಂದ ಹೊರಹೋಗುತ್ತಿದ್ದ ನೀರಿಗೆ ದಾರಿ ಮುಚ್ಚಿ ಒತ್ತಡ ಇನ್ನೂ ಏರುತ್ತದೆ. ಕ್ರಮ ಹೀಗಿರಬೇಕು. ಕಲ್ಲಿಗೆ ಸಂಖ್ಯೆ ಬರೆದು, ಫೋಟೊ ತೆಗೆದು, ಉಬ್ಬಿದ ಭಾಗವನ್ನು ಮೇಲಿಂದ ಕೆಳಕ್ಕೆ ಬಿಚ್ಚಬೇಕು. ಹಸಿ ಮಣ್ಣು ತೆಗೆದು ಜಲ್ಲಿ ಬೆರೆಸಿ ಪದರಪದರವಾಗಿ ದಮ್ಮಸು ಮಾಡಬೇಕು. ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸಿ, ಕೊನೆಗೆ ತಲೆಯನ್ನು ಸುಣ್ಣದ ಗಚ್ಚಿನಿಂದ ಇಳಿಜಾರು ಕೊಟ್ಟು ಮುಚ್ಚಬೇಕು. ಸಂದಿನಲ್ಲಿ ಅರಳಿ ಸಸಿ ಕಂಡರೆ ಬೇರು ಎಳೆಯದಾಗಿರುವಾಗಲೇ ತೆಗೆಯಬೇಕು. ದಪ್ಪವಾದ ಮೇಲೆ ಕಿತ್ತರೆ ಕಲ್ಲೂ ಬರುತ್ತದೆ.

ಗಾರೆಗಾಣ



ಗಾರೆಯ ಬಗ್ಗೆ ಸ್ವಲ್ಪ ವಿವರ. ಕಮಲ ಮಹಲಿನಂಥ ಕಟ್ಟಡದಲ್ಲಿ ಅಲಂಕಾರವೆಲ್ಲ ಗಾರೆಯದೇ. ದುರಸ್ತಿಗೂ ಅದೇ ಬಳಸಬೇಕು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಸೋಸಿ, ನೀರಿನಡಿ ಕೆಲವು ವಾರವಾದರೂ ಬಿಡಬೇಕು. ಅರಳದ ಹರಳು ಉಳಿದರೆ ಗೋಡೆಗೆ ಹೋದ ಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತದೆ. ಮೊದಲ ಪದರಕ್ಕೆ ಸುಣ್ಣ ಒಂದು ಪಾಲು, ತೊಳೆದ ಮರಳು ಮತ್ತು ಸುರ್ಕಿ ಸೇರಿ ಎರಡೂವರೆಯಿಂದ ಮೂರು ಪಾಲು. ಸುರ್ಕಿಗೆ ಹದವಾಗಿ ಬೆಂದ ಇಟ್ಟಿಗೆಯ ಪುಡಿಯೇ ಬೇಕು, ಕರಕಲಾದದ್ದು ಕೂಡದು. ತೇವದ ಜಾಗದಲ್ಲಿ ಗಾರೆ ಗಟ್ಟಿಯಾಗುವುದು ಸುರ್ಕಿಯಿಂದ. ಇದನ್ನು ಗಾಣದಲ್ಲಿ ಅರೆಯುವಾಗ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಾರೆ. ಒಂದು ಪದರ 10-12 ಮಿಲಿಮೀಟರ್ ಮೀರಬಾರದು. ಬಿಸಿಲಿಗೆ ಬಿಡದೆ ಒದ್ದೆ ಗೋಣಿ ಹೊದಿಸಬೇಕು, ಹೊಸಪೇಟೆ ಕಡೆಯ ಬೇಸಿಗೆಯಲ್ಲಂತೂ ಕಡ್ಡಾಯ. ಬೇಗ ಒಣಗಿದ ಗಾರೆ ಗಟ್ಟಿಯಾಗಿರುವುದಿಲ್ಲ, ಒಣಗಿರುತ್ತದೆ ಅಷ್ಟೇ, ಉಗುರಿಗೆ ಪುಡಿಯಾಗುತ್ತದೆ. ಕೊನೆಯ ತೆಳು ಪದರವನ್ನು ಸೋಸಿದ ಸುಣ್ಣದ ತಿಳಿಮುದ್ದೆಯಲ್ಲಿ ಎಳೆದು ನುಣುಪುಗಲ್ಲಿನಿಂದ ಉಜ್ಜಬೇಕು.

ಸಿಮೆಂಟು ಏಕೆ ಬೇಡ? ಅದು ಹಳೆಯ ಇಟ್ಟಿಗೆಗಿಂತ ಗಡುಸು, ಗೋಡೆಯ ತೇವ ಹೊರಬರಲು ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ತೇವ ಲವಣ ತರುತ್ತದೆ, ಲವಣ ಹರಳುಗಟ್ಟಿದಾಗ ಹಳೆಯ ಗಾರೆ ಹಿಂದಿನಿಂದ ಉದುರುತ್ತದೆ. ಗೋಡೆಯ ಬುಡಕ್ಕೆ ಹುಲ್ಲುಹಾಸು ಬೆಳೆಸಿ ನೀರು ಬಿಡುವುದೂ ಇದೇ ಹಾನಿ ಮಾಡುತ್ತದೆ.

ತೂಬು

ಅರಮನೆಯ ನೀರಿನ ಏರ್ಪಾಡು ಬಿಟ್ಟರೆ ಚರ್ಚೆ ಅರ್ಧ. ರಾಯ ಕಾಲುವೆ ತುಂಗಭದ್ರೆಯ ನೀರನ್ನು ಕಮಲಾಪುರ ಕೆರೆಗೆ ತರುತ್ತಿತ್ತು. ರಾಜಕೇಂದ್ರಕ್ಕೆ ನೀರು ಬರುತ್ತಿದ್ದದ್ದು ಆ ಕೆರೆಯಿಂದ. ಮೇಲೆ ಕಲ್ಲುಕಂಬಗಳ ಮೇಲಿಟ್ಟ ಕಲ್ಲಿನ ದೋಣಿಗಾಲುವೆ, ನೆಲದಡಿ ಸುಟ್ಟ ಮಣ್ಣಿನ ಕೊಳವೆ. ದೋಣಿಗಾಲುವೆಯ ಕಂಬಗಳ ಎತ್ತರ ಒಂದೇ ಅಲ್ಲ, ನೆಲ ತಗ್ಗಿದಂತೆ ಕಂಬ ಎತ್ತರ, ಮೇಲಿನ ದೋಣಿಯ ಇಳಿಜಾರು ಮಾತ್ರ ಕೆಡಬಾರದು. ಸೋರುವುದು ಯಾವಾಗಲೂ ಎರಡು ದೋಣಿ ಕೂಡುವ ಸಂದಿನಲ್ಲಿ. ಅಲ್ಲಿ ಗಾರೆ ಬಿಟ್ಟರೆ ಕಾಲುವೆ ಕೆಲಸಕ್ಕೆ ಬಾರದು.

ಮೆಟ್ಟಿಲ ಕೊಳ 1980ರ ದಶಕದ ಅಗೆತದಲ್ಲಿ ಹೊರಬಂತು. ಬದಿ ಸುಮಾರು 22 ಮೀಟರ್, ಆಳ ಸುಮಾರು 7 ಮೀಟರ್, ಐದು ಹಂತ. ಉದ್ದ-ಅಗಲ-ಆಳ ಗುಣಿಸಿದರೆ 3,388 ಘನಮೀಟರ್ ಬರುತ್ತದೆ, ಆದರೆ ಹಂತಗಳು ಒಳಕ್ಕೆ ಕಿರಿದಾಗುವುದರಿಂದ ನಿಜವಾಗಿ ಹಿಡಿಯುವ ನೀರು ಅದಕ್ಕಿಂತ ಬಹಳ ಕಡಿಮೆ, ತಳ ಚಿಕ್ಕದಾದಷ್ಟೂ ಮೂರನೇ ಒಂದು ಪಾಲಿನತ್ತ ಇಳಿಯುತ್ತದೆ. ನೀರಿನ ದಾಸ್ತಾನಿಗೆ ಕಟ್ಟುವವರು ಈ ಆಕಾರ ಆರಿಸುವುದಿಲ್ಲ. ಇದು ವಿಧಿಗಾಗಿ, ಇಳಿದು ನೀರು ಮುಟ್ಟುವುದಕ್ಕಾಗಿ ಕಟ್ಟಿದ್ದು ಎಂದು ನಾನು ತಿಳಿಯುತ್ತೇನೆ.

ಉಳಿಸುತ್ತಿಗೆ

ಆ ಕೊಳದ ಬಳಪದ ಕಲ್ಲುಗಳ ಮೇಲೆ ಅಕ್ಷರ, ಅಂಕಿಗಳಿವೆ. ಯಾವ ದಿಕ್ಕು, ಯಾವ ಸಾಲು, ಸಾಲಿನಲ್ಲಿ ಎಷ್ಟನೆಯದು ಎಂಬ ಲೆಕ್ಕ. ಕಲ್ಲನ್ನು ಬೇರೆಡೆ ಪೂರ್ತಿ ಕೆತ್ತಿ, ಗುರುತು ಹಾಕಿ, ತಂದು ಇಲ್ಲಿ ಜೋಡಿಸಿದ್ದಾರೆ. ಬಳಪದ ಕಲ್ಲು ಮೆತುವಾದ್ದರಿಂದ ಅಂಚು ಕೂದಲೆಳೆಯಷ್ಟು ಕೂಡುವಂತೆ ಕಡೆಯಬಹುದು. ಆದರೆ ಸಾಗಿಸುವಾಗ ಅಂಚು ಮುರಿಯುವುದೂ ಅಷ್ಟೇ ಸುಲಭ.

ಬೋದಿಗೆ

ರಾಣಿಯರ ಸ್ನಾನಗೃಹ ಎನ್ನುವುದನ್ನೂ ಸೇರಿಸಿ. ಹೊರಗೆ ಸಾದಾ ಗೋಡೆ, ಸುತ್ತ ಕಂದಕದಂಥ ಕಾಲುವೆ. ಒಳಗೆ ಸುಮಾರು 15 ಮೀಟರ್ ಬದಿಯ, ಸುಮಾರು 1.8 ಮೀಟರ್ ಆಳದ ಕೊಳ. ಅದರ ಸುತ್ತ ಕಮಾನಿನ ಪಡಸಾಲೆ, ನೀರಿನ ಮೇಲಕ್ಕೆ ಚಾಚಿದ ಉಪ್ಪರಿಗೆಗಳು. ಪಡಸಾಲೆಯ ಒಂದೊಂದು ಅಂಕಣದ ಮಾಳಿಗೆಯ ಗಾರೆ ಅಲಂಕಾರವನ್ನು ತಲೆಯೆತ್ತಿ ನೋಡುತ್ತ ಸುತ್ತು ಬನ್ನಿ, ಒಂದರಂತೆ ಒಂದಿಲ್ಲ.

ಕೋಟೆದಾರಿ

ಕೊನೆಯದಾಗಿ: ಒಂದೇ ದಿನವಿದ್ದರೆ ಯಾವ ಕ್ರಮದಲ್ಲಿ ನೋಡಬೇಕು? ಪೂರ್ತಿ ನಿಂತಿರುವ ಇಂಥ ಅರಮನೆ ಬೇರೆಲ್ಲಾದರೂ ಇದೆಯೇ?

ನಕಾಶೆ

ಎರಡನೆಯದು ಮೊದಲು. ಆಂಧ್ರದ ಚಂದ್ರಗಿರಿಯ ರಾಜಮಹಲ್ ನೋಡಿ, ತಿರುಪತಿಯ ಹತ್ತಿರ. ವಿಜಯನಗರದ ಕೊನೆಯ ಮನೆತನವಾದ ಅರವೀಡು ಅರಸರ ಕಾಲದ್ದು, ಮೂರು ಅಂತಸ್ತು, ಕಲ್ಲು-ಇಟ್ಟಿಗೆ-ಸುಣ್ಣದ್ದು, ಮರ ಬಳಸಿಲ್ಲ. ಅದಕ್ಕೇ ಉಳಿದಿದೆ. ಕಮಲ ಮಹಲಿನ ಕಮಾನು, ಶಿಖರದ ಜಾಡು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಮುಂದುವರಿದಿದೆ. ಪೆನುಕೊಂಡೆಯ ಗಗನಮಹಲ್ ಕೂಡ ನೋಡಬೇಕಾದದ್ದೇ. ಹಬ್ಬದ ಮಟ್ಟಿಗೆ ಮುಂದುವರಿಕೆ ಶ್ರೀರಂಗಪಟ್ಟಣಕ್ಕೆ, ಅಲ್ಲಿ 1610ರಲ್ಲಿ ರಾಜ ಒಡೆಯರು ದಸರೆ ಶುರುಮಾಡಿದರು, ಆಮೇಲೆ ಮೈಸೂರಿಗೆ ಬಂತು.

ಒಂದು ದಿನದ ಕ್ರಮ ಹೀಗೆ. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಹಂಪಿಯ ದೊಡ್ಡ ಮಾದರಿ ಇದೆ. ಮೊದಲು ಅದರ ಮುಂದೆ ನಿಂತು ಕೆರೆ, ರಾಜಕೇಂದ್ರ, ಮಾತಂಗ ಪರ್ವತ ಮೂರನ್ನೂ ಗುರುತಿಸಿಕೊಳ್ಳಿ. ಅಲ್ಲಿಂದ ಸ್ನಾನಗೃಹ, ನಂತರ ರಾಜಾವರಣ. ದಿಬ್ಬದ ಪೂರ್ವ ಮುಖದ ಉಬ್ಬುಶಿಲ್ಪಕ್ಕೆ ಬೆಳಗಿನ ಓರೆ ಬಿಸಿಲೇ ಬೇಕು, ನಡುಹಗಲಲ್ಲಿ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಪಶ್ಚಿಮದ ಬಳಪದ ಕಲ್ಲಿಗೆ ಸಂಜೆಯ ಬೆಳಕು ಒಳ್ಳೆಯದು. ಸಭಾಂಗಣದ ಕುಳಿಗಳನ್ನು ದಿಬ್ಬದ ಮೇಲಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ನೋಡಿ. ಆಮೇಲೆ ಹಜಾರರಾಮ: ಹೊರಗೋಡೆಯಲ್ಲಿ ಕೆಳಗಿನಿಂದ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲು, ಅಂದರೆ ಮಹಾನವಮಿಯ ಮೆರವಣಿಗೆಯೇ. ಒಳಗಿನ ರಾಮಾಯಣ ಮೂರು ಸಾಲಿನಲ್ಲಿದೆ, ಪೂರ್ತಿ ಓದಲು ಮೂರು ಪ್ರದಕ್ಷಿಣೆ ಬೇಕು. ಮಧ್ಯಾಹ್ನ ಗಣ್ಯರ ವಸತಿಗೆ ಹೋಗಿ. ಅಲ್ಲಿ ನೆರಳು ಕಡಿಮೆ, ನೀರು ಜೊತೆಗಿರಲಿ. ಕಮಲ ಮಹಲ್ ಮತ್ತು ಆನೆಲಾಯಕ್ಕೆ ಟಿಕೆಟ್ ಇದೆ, ಅದೇ ದಿನ ಅದೇ ಟಿಕೆಟ್ ವಿಠ್ಠಲ ದೇಗುಲಕ್ಕೂ ನಡೆಯುತ್ತದೆ, ಎಸೆಯಬೇಡಿ.

ಉಳಿಸುತ್ತಿಗೆ

ಅಳೆಯುವವರಿಗೆ ಒಂದು ಮಾತು: ಟೇಪನ್ನು ಕುಳಿಯ ಅಂಚಿಗೆ ಹಿಡಿಯಬೇಡಿ. ಅಂಚು ಸವೆದಿರುತ್ತದೆ, ಪ್ರತಿ ಅಂಕಣಕ್ಕೂ ಬೇರೆ ಅಳತೆ ಬರುತ್ತದೆ. ಕುಳಿಯ ಎರಡು ಕರ್ಣ ಕೂಡುವ ಜಾಗದಿಂದ ಅಳೆಯಿರಿ, ಹತ್ತು ಅಂಕಣದ ಒಟ್ಟು ಉದ್ದ ತೆಗೆದುಕೊಂಡು ಭಾಗಿಸಿ. ಬಳಪದ ಕಲ್ಲಿನ ಮೇಲೆ ಸೀಮೆಸುಣ್ಣದ ಗುರುತು ಹಾಕಬೇಡಿ, ಅಕ್ಷರ ಕಾಣಲೆಂದು ನೀರು ಸುರಿಯುವುದೂ ಬೇಡ. ಟಾರ್ಚನ್ನು ಓರೆಯಾಗಿ ಹಿಡಿದರೆ ಸಾಕು.